ಸ್ವರಲಿಪಿಯ ಓದು ಮತ್ತು ಮೊಬೈಲ್ ಪರದೆ

ಸಂಗೀತದ ಬರಹವನ್ನು ಓದುಗನ ಅಗತ್ಯಕ್ಕೆ ತಕ್ಕಂತೆ ಹೊಂದಿಸಿಕೊಡುವ ಮೊಬೈಲ್ ಆ್ಯಪ್‌ಗಳ ಪರಿಕಲ್ಪನೆ ಇಂದು ಹೊಸದಲ್ಲ. ಅಕ್ಷರದ ಗಾತ್ರ, ಹಾಡಿನ ಗತಿ, ಆಧಾರಶ್ರುತಿ, ಪುಟ ತಿರುವುವ ಕ್ರಮ ಇವೆಲ್ಲವನ್ನೂ ಓದುಗನ ಇಚ್ಛೆಗೆ ಬಿಡುವುದು ಇಂಥ ವಿನ್ಯಾಸಗಳ ಹೆಗ್ಗಳಿಕೆ. 2004ರಲ್ಲಿ ಮ್ಯೂಸಿಕ್‌ಎಕ್ಸ್‌ಎಂಎಲ್ ಮಾದರಿಯ ಮೊದಲ ಆವೃತ್ತಿ ಬಂದ ಮೇಲೆ ಒಂದು ತಂತ್ರಾಂಶದಲ್ಲಿ ಬರೆದ ಸಂಗೀತವನ್ನು ಇನ್ನೊಂದರಲ್ಲಿ ತೆರೆಯುವುದೂ ಸುಲಭವಾಯಿತು. ಆದರೆ ಈ ಸೌಲಭ್ಯಗಳು ಊಹಿಸಿಕೊಂಡಿರುವ 'ಓದು' ಪಾಶ್ಚಾತ್ಯ ಸಂಗೀತದ ಐದು ಗೆರೆಗಳ ಓದು ಎಂಬ ಸಂಗತಿ ಚರ್ಚೆಗೆ ಬಂದದ್ದು ಕಡಿಮೆ.

ಐದು ಗೆರೆಗಳ ಲಿಪಿಯಲ್ಲಿ ಪ್ರತಿಯೊಂದು ಚಿಹ್ನೆಯೂ ನಿಶ್ಚಿತ ಸ್ಥಾಯಿಯನ್ನು ಸೂಚಿಸುತ್ತದೆ. ಆದ್ದರಿಂದ ಗಾಯಕನ ಕಂಠಕ್ಕೆ ಒಗ್ಗುವಂತೆ ಶ್ರುತಿಯನ್ನು ಬದಲಿಸಲು ಇಡೀ ಬರಹವನ್ನೇ ಮತ್ತೆ ಬರೆಯಬೇಕು. ಆ್ಯಪ್ ಅದನ್ನು ಕ್ಷಣದಲ್ಲಿ ಮಾಡಿಕೊಡುತ್ತದೆ. ಕರ್ನಾಟಕ ಸಂಗೀತದ ಸ್ವರಲಿಪಿಗೆ ಈ ಉಪಕಾರ ಬೇಕಾಗಿಲ್ಲ. ಷಡ್ಜವನ್ನು ಹಾಡುವವರು ಎಲ್ಲಿ ಹಿಡಿದರೆ ಅದೇ ಷಡ್ಜ. ಕೊರತೆ ಇರುವುದು ಗಮಕದಲ್ಲಿ. 1904ರಲ್ಲಿ ಎಟ್ಟಯಪುರದಿಂದ ತೆಲುಗು ಲಿಪಿಯಲ್ಲಿ ಪ್ರಕಟವಾದ 'ಸಂಗೀತ ಸಂಪ್ರದಾಯ ಪ್ರದರ್ಶಿನಿ'ಯಲ್ಲಿ ಸುಬ್ಬರಾಮ ದೀಕ್ಷಿತರು ಸ್ವರಗಳ ಜೊತೆಗೆ ಗಮಕದ ಚಿಹ್ನೆಗಳನ್ನೂ ಕೊಟ್ಟರು. ಬಳಿಕ ಬಂದ ಪಠ್ಯಗಳಲ್ಲಿ ಬಹುಪಾಲು ಆ ಚಿಹ್ನೆಗಳನ್ನು ಕೈಬಿಟ್ಟು ಬರಿಯ ಸ್ವರಗಳನ್ನಷ್ಟೇ ಉಳಿಸಿಕೊಂಡವು. ಆ ತೆರಪನ್ನು ಗುರು ತನ್ನ ಕಂಠದಿಂದ ತುಂಬುತ್ತಿದ್ದನು. ವೈಯಕ್ತಿಕ ಓದು ಎಂಬ ಮಾತಿಗೆ ನಿಜವಾದ ಅರ್ಥ ಬರುವುದು ಇಲ್ಲಿ.

ಮುದ್ರಣದ ಒಂದು ತೊಡಕನ್ನೂ ಗಮನಿಸಬೇಕು. ಆದಿತಾಳದ ಆವರ್ತನದಲ್ಲಿ ಎಂಟು ಅಕ್ಷರಕಾಲಗಳು. ಒಂದೊಂದಕ್ಕೆ ನಾಲ್ಕು ಮಾತ್ರೆಯಂತೆ ಮೂವತ್ತೆರಡು. ಅಂಗೈಯಗಲದ ಪರದೆಯಲ್ಲಿ ಇದು ಒಂದೇ ಸಾಲಿನಲ್ಲಿ ಹಿಡಿಸುವುದು ಕಷ್ಟ. ಅಕ್ಷರವನ್ನು ಹಿಗ್ಗಿಸಿದರೆ ಸಾಲು ಎಲ್ಲೆಂದರಲ್ಲಿ ತುಂಡಾಗುತ್ತದೆ. ಗದ್ಯಕ್ಕೆ ಅದರಿಂದ ಹಾನಿಯಿಲ್ಲ. ಸ್ವರಲಿಪಿಯಲ್ಲಿ ಮಾತ್ರ ಲಘು ಮತ್ತು ಎರಡು ದ್ರುತಗಳ ಗಡಿ ಕಣ್ಣಿನಿಂದ ಮರೆಯಾಗಿ ತಾಳ ಹಾಕುವ ಕೈ ತಪ್ಪುತ್ತದೆ. ಅಂಗದ ಗಡಿಯಲ್ಲಲ್ಲದೆ ಬೇರೆಲ್ಲೂ ಸಾಲು ಮುರಿಯಬಾರದೆಂಬ ನಿಯಮ ವಿನ್ಯಾಸದ ಮೊದಲ ಹಂತದಲ್ಲೇ ಸೇರಬೇಕು.

ಜನಪದ ಗೀತೆಗೆ ಬಂದರೆ ಪ್ರಶ್ನೆ ಇನ್ನೂ ಜಟಿಲ. 1931ರಲ್ಲಿ ಹಲಸಂಗಿ ಗೆಳೆಯರು ಹೊರತಂದ 'ಗರತಿಯ ಹಾಡು' ಮೊದಲ್ಗೊಂಡು ಕನ್ನಡದ ಸಂಕಲನಗಳಲ್ಲಿ ಹೆಚ್ಚಿನವು ಹಾಡಿನ ಮಾತನ್ನು ಉಳಿಸಿದವು, ಮಟ್ಟನ್ನು ಉಳಿಸಲಿಲ್ಲ. ಅಂದಿನ ಸಾಧನಗಳನ್ನು ನೆನೆದರೆ ಇದು ಆಕ್ಷೇಪಿಸುವ ವಿಷಯವಲ್ಲ. ಆದರೆ ಪುಟದ ಮೇಲಿನ ತ್ರಿಪದಿ ಮೂರು ಸಾಲಿನದು. ಹಾಡುವಾಗ ಎರಡನೆಯ ಸಾಲಿನ ಭಾಗ ಮರುಕಳಿಸಿ ಅದು ಬೇರೆಯೇ ಆಕಾರ ತಾಳುತ್ತದೆ. ಬೀಸುಕಲ್ಲಿನ ಸುತ್ತು ಉಸಿರಿನ ನಿಲುಗಡೆಯನ್ನು ನಿರ್ಣಯಿಸುತ್ತದೆ. ಅಚ್ಚಾದ ಮೂರು ಸಾಲನ್ನೇ ನೆಚ್ಚಿ ಆ್ಯಪ್ ಕಟ್ಟಿದರೆ ಓದುಗನಿಗೆ ದೊರೆಯುವುದು ಛಂದಸ್ಸು, ಹಾಡಲ್ಲ.

ಈ ದಿಸೆಯಲ್ಲಿ ಬೇಲಾ ಬಾರ್ಟೋಕ್‌ನ ಮಾದರಿ ಉಪಯುಕ್ತ. ಆಲ್ಬರ್ಟ್ ಲಾರ್ಡ್ ಜೊತೆಗೂಡಿ ಅವನು ಸಿದ್ಧಪಡಿಸಿದ ಸರ್ಬೋ-ಕ್ರೊಯೇಷಿಯನ್ ಜನಪದ ಗೀತೆಗಳ ಗ್ರಂಥ 1951ರಲ್ಲಿ ಪ್ರಕಟವಾಯಿತು. ಮಿಲ್ಮನ್ ಪ್ಯಾರಿಯ ಧ್ವನಿಮುದ್ರಣಗಳನ್ನು ಆಧರಿಸಿದ ಆ ಬರಹದಲ್ಲಿ ಗಾಯಕಿಯರ ಅಲಂಕರಣ, ಏರಿಳಿತಗಳನ್ನು ಸರಳಗೊಳಿಸದೆ ಅತಿ ಸೂಕ್ಷ್ಮವಾಗಿ ದಾಖಲಿಸಲಾಗಿದೆ. ಓದಲು ಅದು ಸಲೀಸಲ್ಲ ಎಂಬುದು ನಿಜ. ಅಲ್ಲಿ ಲಿಪಿ ಹಾಡಿಕೆಗೆ ಬಾಗಿದೆ.

ಈಗಿನ ಅಭ್ಯಾಸದ ಆ್ಯಪ್‌ಗಳಲ್ಲಿ ನಡೆಯುವುದು ಇದರ ವಿರುದ್ಧ. ಓದುಗ ಹಾಡಿದ್ದನ್ನು ಕೇಳಿಸಿಕೊಂಡು, ನಿಗದಿತ ಸ್ವರದಿಂದ ಸರಿದಲ್ಲಿ ಕೆಂಪು ಗುರುತು ಹಾಕುವ ಏರ್ಪಾಡು ಕೆಲವುಗಳಲ್ಲಿದೆ. ಸಪ್ತಕವನ್ನು ಹನ್ನೆರಡು ಸಮಭಾಗ ಮಾಡಿದ ಅಳತೆಗೋಲಿನಿಂದ ಹಂತಿ ಪದವನ್ನೋ ಸೋಬಾನೆಯನ್ನೋ ಅಳೆದರೆ ಅದನ್ನು ಪರಂಪರೆಯಿಂದ ಹಾಡಿಕೊಂಡು ಬಂದವಳೇ ತಪ್ಪಿತಸ್ಥೆಯಾಗುತ್ತಾಳೆ. ಅವಳ ಮಟ್ಟನ್ನು ಕಲಿಯಬೇಕಾದ ಕಿರಿಯರು ಪರದೆಯ ಮಟ್ಟನ್ನು ಕಲಿಯುತ್ತಾರೆ. ಒಂದು ಪ್ರದೇಶದ ಹತ್ತಾರು ಧಾಟಿಗಳಲ್ಲಿ ತಂತ್ರಾಂಶಕ್ಕೆ ಸೇರಿದ ಒಂದಷ್ಟೇ ಬಳಕೆಯಲ್ಲಿ ಉಳಿಯುವ ಸಂಭವವಿದೆ.

ಪರಿಹಾರ ತಾಂತ್ರಿಕವಾಗಿ ದುಸ್ಸಾಧ್ಯವೇನಲ್ಲ. ಅರ್ಧಸ್ವರಕ್ಕಿಂತ ಸಣ್ಣ ಅಂತರವನ್ನು ಬರೆಯಲು ಮ್ಯೂಸಿಕ್‌ಎಕ್ಸ್‌ಎಂಎಲ್‌ನಲ್ಲಿಯೇ ಅವಕಾಶವಿದೆ. ಒಂದು ಹಾಡಿನಡಿ ಒಂದೇ ಪಾಠದ ಬದಲು ಹಲವು ಹಾಡಿಕೆಗಳನ್ನಿಟ್ಟು, ಪ್ರತಿಯೊಂದಕ್ಕೂ ಗಾಯಕಿ ಒಪ್ಪಿದಲ್ಲಿ ಆಕೆಯ ಹೆಸರು, ಊರು, ಹಾಡಿದ ಸಂದರ್ಭ, ಮೂಲ ಧ್ವನಿ ಇವನ್ನು ಜೋಡಿಸಬಹುದು. ಯಾವ ಹಾಡಿಕೆಯನ್ನು ತೆರೆಯಬೇಕೆಂಬ ಆಯ್ಕೆ ಆಗ ಓದುಗನದಾಗುತ್ತದೆ, ಮತ್ತು ಕೆಂಪು ಗುರುತಿಗೆ ಬದಲಾಗಿ ಅವನ ಧಾಟಿ ಯಾವ ಊರಿನ ಹಾಡಿಕೆಗೆ ಹತ್ತಿರವೆಂಬುದನ್ನು ಪರದೆ ತೋರಿಸಬಲ್ಲುದು.