ಅಂಟಿಸಿದ ಹಲಗೆ, ಕಟ್ಟಿದ ಸೋಗೆ

ಹೊರಗೋಡೆಗೆ ಎಷ್ಟು ವರ್ಷಕ್ಕೊಮ್ಮೆ ಬಣ್ಣ ಹೊಡೆಸಬೇಕು ಎನ್ನುವುದನ್ನು ಈ ವಾರ ಬರೆಯುತ್ತೇನೆ ಎಂದಿದ್ದೆ. ಅದು ಇನ್ನೊಂದು ವಾರ ಕಾಯಲಿ. ರೋಹಿಣಿ ಮಳೆ ಹುಟ್ಟಿಯಾಯಿತು, ಮೃಗಶಿರಾಕ್ಕೆ ಹೆಚ್ಚು ದಿನವಿಲ್ಲ. ಮಳೆ ಕೂತ ಮೇಲೆ ಗೋಡೆಯ ಮಾತಾಡಿ ಪ್ರಯೋಜನವಿಲ್ಲ. ಅದೂ ಅಲ್ಲದೆ, ಪಡುಗೋಡೆಗೆ ಪ್ಲಾಸ್ಟಿಕ್ ಹಲಗೆ ಹೊಡೆಸಬಹುದೇ ಎಂದು ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಕಡೆಯಿಂದ ಕೇಳುತ್ತಿದ್ದಾರೆ. ಪೇಟೆಯಲ್ಲಿ ಅದಕ್ಕೆ ‘ಪಿವಿಸಿ ಪ್ಯಾನೆಲ್’ ಅನ್ನುತ್ತಾರೆ. ಅಮೆರಿಕದಲ್ಲಿರುವ ಮಗನ ಮನೆ ನೋಡಿಕೊಂಡು ಬಂದವರು ‘ವಿನೈಲ್ ಸೈಡಿಂಗ್’ ಅನ್ನುತ್ತಾರೆ. ಎರಡೂ ಒಂದೇ ಎಂದು ಮಾರುವವರು ಹೇಳುತ್ತಾರೆ. ಒಂದೇ ಅಲ್ಲ. ಅದು ನನಗೆ ಮನದಟ್ಟಾಗಿದ್ದು ಅಕ್ಕನ ಮನೆಯ ಗೋಡೆ ಬಿಚ್ಚಿದಾಗ.

ಅಕ್ಕನ ಮನೆ ತರೀಕೆರೆಯಿಂದ ಲಿಂಗದಹಳ್ಳಿಗೆ ಹೋಗುವ ದಾರಿಯಲ್ಲಿ, ತೋಟದ ಅಂಚಿಗೆ. ಹಸಿ ಇಟ್ಟಿಗೆಯ ಗೋಡೆ, ಹೆಂಚಿನ ಮಾಡು, ಅವಳ ಮಾವನವರ ಕಾಲದ್ದು. ಇಪ್ಪತ್ತು ವರ್ಷದ ಹಿಂದೆ ಅದಕ್ಕೆ ಸಿಮೆಂಟ್ ಗಾರೆ ಬಿತ್ತು. ಮೂರು ಮಳೆಗಾಲದ ಹಿಂದೆ ಪಡುಗೋಡೆಗೆ ಹಲಗೆ ಬಂತು. “ಲೈಫ್‌ಟೈಮ್ ಸಾರ್, ಬಟ್ಟೇಲಿ ಒರೆಸಿದ್ರೆ ಸಾಕು, ಇನ್ನು ಬಣ್ಣದ ಖರ್ಚೇ ಇಲ್ಲ” ಅಂದರಂತೆ. ಭಾವ ಒಪ್ಪಿಕೊಂಡರು. ನೋಡಲು ಚೆನ್ನಾಗಿಯೇ ಇತ್ತು.

ಈ ಸಂಕ್ರಾಂತಿಗೆ ಹೋದಾಗ ಅಕ್ಕ ಒಳಕೋಣೆಯ ಬೀರು ಸರಿಸಿದಳು. “ವಾಸನೆ ನೋಡೋ. ರೇಷ್ಮೆ ಸೀರೆಗೆಲ್ಲ ಬೂಷ್ಟು ಬಂದಿದೆ” ಅಂದಳು. ಹೊರಗೆ ಬಂದು ಸ್ಕ್ರೂ ಬಿಚ್ಚಿ, ಸಿಲಿಕಾನ್ ಅಂಟನ್ನು ಕತ್ತಿಯಲ್ಲಿ ಕೊಯ್ದು ಮೊದಲ ಹಲಗೆ ಎಳೆದೆವು. ಗಾರೆ ಹಲಗೆಯ ಜೊತೆಗೇ ಕಿತ್ತುಕೊಂಡು ಬಂತು. ಹಿಂದಿದ್ದ ಇಟ್ಟಿಗೆಗೆ ಬೆರಳಿಟ್ಟರೆ ಮುದ್ದೆಗೆ ಇಟ್ಟಂತೆ ಒಳಗೆ ಹೋಯಿತು. ಗೆದ್ದಲು ನೆಲದಿಂದ ಮಾಡಿನ ತೊಲೆಯವರೆಗೆ ಮಣ್ಣಿನ ಗೆರೆ ಎಳೆದುಕೊಂಡು ಹೋಗಿತ್ತು. ಮಳೆ ಬಿಟ್ಟು ಎರಡು ತಿಂಗಳ ಮೇಲಾಗಿತ್ತು, ಹೊರಗೆ ಅಂಗಳದಲ್ಲಿ ಅಡಿಕೆ ಒಣಗುತ್ತಿತ್ತು. ಗೋಡೆ ಮಾತ್ರ ಒಣಗಿರಲಿಲ್ಲ.

ನೀರು ಬಂದದ್ದು ಎಲ್ಲಿಂದ? ಮೇಲಿನ ಅಂಚಿನ ಸಂದಿನಿಂದ ಒಂದಿಷ್ಟು, ಕಿಟಕಿಯ ಮೂಲೆಯಿಂದ ಒಂದಿಷ್ಟು, ನೆಲದಿಂದ ಮೇಲೇರಿದ್ದು ಒಂದಿಷ್ಟು. ಗೋಡೆಗೆ ನೀರು ಬರುವುದನ್ನು ಪೂರ್ತಿ ತಡೆದವರು ಯಾರೂ ಇಲ್ಲ. ಬಂದದ್ದು ಹೋಗಲು ದಾರಿ ಇರಬೇಕು, ಅಷ್ಟೇ. ಇಲ್ಲಿ ಆ ದಾರಿಯನ್ನು ಅಂಟು ಹಾಕಿ ಮುಚ್ಚಿದ್ದರು.

ಅಮೆರಿಕದಲ್ಲಿ ಈ ವಿನೈಲ್ ಹಲಗೆ ಬಂದದ್ದು 1950ರ ದಶಕದ ಕೊನೆಗೆ. ಅಲ್ಲಿಯ ಮನೆಗಳು ಮರದ ಚೌಕಟ್ಟಿನವು. ಚೌಕಟ್ಟಿನ ಮೇಲೆ ಮರದ ಶೀಟು, ಅದರ ಮೇಲೆ ನೀರು ತಡೆಯುವ ಹಾಳೆ, ಅದರ ಹೊರಗೆ ಈ ಹಲಗೆ. ಅಲ್ಲಿ ಅದನ್ನು ಯಾರೂ ಗೋಡೆಗೆ ಅಂಟಿಸುವುದಿಲ್ಲ, ಮೊಳೆಗೆ ತೂಗುಹಾಕುತ್ತಾರೆ. ಮೊಳೆಯ ತೂತು ದುಂಡಗಿಲ್ಲ, ಉದ್ದಕ್ಕೆ ಸೀಳಿದಂತೆ ಇರುತ್ತದೆ. ಆ ಸೀಳಿನ ನಡುವೆ ಮೊಳೆ ಹೊಡೆದು, ಮೊಳೆಯ ತಲೆಗೂ ಹಲಗೆಗೂ ನಡುವೆ ತೆಳು ನಾಣ್ಯದಷ್ಟು ಸಂದು ಬಿಡಬೇಕು. ಬಿಗಿಯಾಗಿ ಹೊಡೆದರೆ ಕೆಟ್ಟಿತು. 12.5 ಅಡಿ ಉದ್ದದ ಹಲಗೆ ಚಳಿ ಸೆಕೆಗಳ ನಡುವೆ ಅರ್ಧ ಇಂಚು, ಒಮ್ಮೊಮ್ಮೆ ಅದಕ್ಕೂ ಹೆಚ್ಚು ಹಿಗ್ಗಿ ಕುಗ್ಗುತ್ತದೆ. ಸರಿಯಲು ಜಾಗವಿಲ್ಲದಿದ್ದರೆ ಉಬ್ಬುತ್ತದೆ. ಪ್ರತಿ ಹಲಗೆಯ ಕೆಳ ಅಂಚಿಗೆ ಸಣ್ಣ ತೂತುಗಳಿವೆ, ಹಿಂದೆ ಹೋದ ನೀರು ಸೋರಿಹೋಗಲೆಂದೇ ಮಾಡಿದ್ದು. ನೀರು ಹಿಂದೆ ಹೋಗುತ್ತದೆ ಎನ್ನುವುದನ್ನು ಒಪ್ಪಿಕೊಂಡು ಕಟ್ಟಿದ ಹೊದಿಕೆ ಅದು.

ನಮ್ಮಲ್ಲಿ ಮಾರುವ ಹಲಗೆ ಬೇರೆ ಜಾತಿಯದು. ಹೆಚ್ಚಿನವು ಹಾಲಿನ ಸೀಲಿಂಗಿಗೆ, ಟಿವಿ ಗೋಡೆಗೆ ಮಾಡಿದವು: ಒಳಗೆ ಟೊಳ್ಳು, 8ರಿಂದ 10 ಮಿ.ಮೀ. ದಪ್ಪ, ಮೇಲೆ ಮರದ ಚಿತ್ರದ ಹಾಳೆ. ಹೊರಗಿನ ಹಲಗೆ ಒಂದು ಮಿ.ಮೀ.ಗಿಂತ ತುಸು ಹೆಚ್ಚು ದಪ್ಪವಿದ್ದರೂ ಗಟ್ಟಿ. ಬಿಸಿಲು ತಡೆಯಲು ಅದರ ಹದಕ್ಕೇ ಟೈಟಾನಿಯಂ ಡಯಾಕ್ಸೈಡ್ ಬೆರೆಸಿರುತ್ತಾರೆ. ಒಳಗಿನ ಹಲಗೆಯನ್ನು ಹೊರಗೆ ಹೊಡೆದರೆ ಕಡೂರಿನ ಒಂದು ಬೇಸಗೆಗೇ ಬಣ್ಣ ಬಿಟ್ಟುಕೊಳ್ಳುತ್ತದೆ.

ಗೋಡೆಗೆ ಹೊದಿಕೆ ತೂಗುಹಾಕುವುದು ನಮಗೇನೂ ಹೊಸದಲ್ಲ. ತರೀಕೆರೆಯ ಮಲೆನಾಡು ಅಂಚಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಡಿಕೆ ಸೋಗೆಯ ತಟ್ಟಿ ಕಟ್ಟಿದ ಮನೆಯಲ್ಲೇ ನಮ್ಮಲ್ಲಿ ಅನೇಕರು ಬೆಳೆದದ್ದು. ಬೇಸಗೆಯಲ್ಲಿ ಉದುರಿದ ಸೋಗೆ ಆರಿಸಿ ಒಟ್ಟಿಡುತ್ತಿದ್ದರು. ರೋಹಿಣಿ ಮಳೆಯ ಹೊತ್ತಿಗೆ ಅಡಿಕೆ ದಬ್ಬೆಯ ಚೌಕಟ್ಟು ಮಾಡಿ, ಕೆಳಗಿನಿಂದ ಶುರುಮಾಡಿ ಸಾಲಿನ ಮೇಲೆ ಸಾಲು ಏರಿಸಿ ಸೋಗೆ ಹೆಣೆಯುತ್ತಿದ್ದರು. ಮೇಲಿನ ಸಾಲಿನ ತುದಿ ಕೆಳಗಿನ ಸಾಲಿನ ಬುಡವನ್ನು ಮುಚ್ಚಬೇಕು. ತಟ್ಟಿಯನ್ನು ಮಾಡಿನ ತೊಲೆಗೆ ಕಟ್ಟಿ ಇಳಿಬಿಡುತ್ತಿದ್ದರು. ಗೋಡೆಗೂ ತಟ್ಟಿಗೂ ನಡುವೆ ಕೈ ಹೋಗುವಷ್ಟು ಸಂದು. ಎರಚಲು ಸೋಗೆಗೆ ಬಡಿದು ಕೆಳಗಿಳಿಯುತ್ತಿತ್ತು, ಹಿಂದೆ ಗಾಳಿ ಆಡುತ್ತಿತ್ತು. ದೀಪಾವಳಿಗೆ ಬಿಚ್ಚಿದರೆ ಒಳಗೆ ಗೋಡೆ ಬೆಚ್ಚಗೆ, ಒಣಗಿ ಇರುತ್ತಿತ್ತು. ಸೋಗೆ ಗೊಬ್ಬರದ ಗುಂಡಿಗೆ ಹೋಗುತ್ತಿತ್ತು. ವಿನೈಲ್ ಹಲಗೆ ತಯಾರಿಸುವವರು ಪುಸ್ತಕ ಮಾಡಿ ಹೇಳುವ ನಾಲ್ಕೂ ಮಾತು ಈ ತಟ್ಟಿಯಲ್ಲಿವೆ: ತೂಗುಹಾಕು, ಒಂದರ ಮೇಲೊಂದು ಬರಲಿ, ಹಿಂದೆ ಗಾಳಿ ಬಿಡು, ಕೆಳಗೆ ನೀರಿಗೆ ದಾರಿ ಬಿಡು.

ಆದರೆ ತರೀಕೆರೆಯ ಮಾತು ಕಡೂರಿಗೆ ಅನ್ವಯಿಸುವುದಿಲ್ಲ. ಬೀರೂರು ಜಂಕ್ಷನ್ನಿನಲ್ಲಿ ಹಳಿ ಎರಡಾಗುತ್ತದೆ. ಒಂದು ತರೀಕೆರೆ ಹಾದು ಶಿವಮೊಗ್ಗಕ್ಕೆ, ಇನ್ನೊಂದು ಅಜ್ಜಂಪುರ, ಶಿವನಿ ಹಾದು ಚಿಕ್ಕಜಾಜೂರಿಗೆ. ಮೊದಲ ಗಾಡಿಯ ಕಿಟಕಿಯಲ್ಲಿ ತೆಂಗು, ಅಡಿಕೆ, ಪಾಚಿಗಟ್ಟಿದ ಕಾಂಪೌಂಡು, ಎಡಕ್ಕೆ ಮೋಡ ಹೊತ್ತ ಬಾಬಾಬುಡನ್ ಸಾಲು. ಎರಡನೆಯದರಲ್ಲಿ ಬಯಲು, ಈರುಳ್ಳಿ ಹೊಲ, ಎರೆ ನೆಲ, ಬಿಸಿಲಿಗೆ ಬೆಳ್ಳಗಾದ ಗೋಡೆ. ಪಡುವಣ ಮಳೆ ಬೆಟ್ಟದ ಆ ಬದಿಗೇ ಬಹುಪಾಲು ಸುರಿದುಬಿಡುತ್ತದೆ. ಕಡೂರಿನ ಗೋಡೆಗೆ ಶತ್ರು ಬಿಸಿಲು, ಅಜ್ಜಂಪುರದ ಗೋಡೆಗೆ ನೆಲವೇ ಶತ್ರು. ಎರೆ ಮಣ್ಣು ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುತ್ತದೆ, ಅದರ ಜೊತೆ ಅಡಿಪಾಯ ಏರಿಳಿಯುತ್ತದೆ. ಗಡಸು ಸಿಮೆಂಟ್ ಗಾರೆ ಆ ಅಲುಗಾಟವನ್ನು ತಡೆಯಲಾರದೆ ಸೀಳುತ್ತದೆ. ಸುಣ್ಣದ ಗಾರೆ ಮೆದು, ಸ್ವಲ್ಪ ಬಾಗಿಕೊಡುತ್ತದೆ. ಸಣ್ಣ ಬಿರುಕಿದ್ದರೆ ಮಳೆ ನೀರಿಗೆ ಕರಗಿದ ಸುಣ್ಣವೇ ಹೋಗಿ ಅಲ್ಲಿ ಕೂರುತ್ತದೆ. ಹೀಗಿರುವಾಗ ಮೂರು ಊರಿನ ಗೋಡೆಗೂ ಒಂದೇ ಹಲಗೆ, ಒಂದೇ ಪುಟ್ಟಿ, ಒಂದೇ ಡಬ್ಬಿ ಎಮಲ್ಷನ್ ಮಾರುವುದನ್ನು ನಾನು ಒಪ್ಪುವುದು ಹೇಗೆ?

ಈಗ ನನ್ನ ಹಳೆಯ ಜಗಳಕ್ಕೆ ಬರುತ್ತೇನೆ. ನನಗೆ ಹಲಗೆಯ ಮೇಲೆ ಅಷ್ಟು ಸಿಟ್ಟಿಲ್ಲ, ‘ಬಾಕ್ಸ್ ಎಲಿವೇಶನ್’ ಮೇಲೆ ಇದೆ. ಪೆಟ್ಟಿಗೆಯಂತೆ ನೆಟ್ಟಗೆ ನಿಂತ ಗೋಡೆ, ತಲೆಯ ಮೇಲೆ ಸೂರಿಲ್ಲ, ಕಿಟಕಿಗೆ ಸಜ್ಜಾ ಇಲ್ಲ. ಸಜ್ಜಾ ಇದ್ದರೆ ನೋಟ ಕೆಡುತ್ತದಂತೆ. ನಮ್ಮ ಭಾಷೆಯಲ್ಲಿ ಮನೆಗೇ ಸೂರು ಎನ್ನುತ್ತೇವೆ. ಮನೆಯಿಲ್ಲದವರನ್ನು ಸೂರಿಲ್ಲದವರು ಎನ್ನುತ್ತೇವೆ. ಗೋಡೆಯ ಹೆಸರಿನಿಂದಾಗಲಿ ಬಾಗಿಲ ಹೆಸರಿನಿಂದಾಗಲಿ ಮನೆಯನ್ನು ಹಾಗೆ ಕರೆಯುವುದಿಲ್ಲ. ಗೋಡೆಯಿಂದಾಚೆ ಚಾಚಿ ನೀರನ್ನು ದೂರ ಬೀಳಿಸುವ ಆ ಅಂಚಿನಿಂದ ಕರೆಯುತ್ತೇವೆ. ಆ ಅಂಚನ್ನು ಕತ್ತರಿಸಿದ ಮೇಲೆ ಗೋಡೆಗೆ ಯಾವ ಬಣ್ಣ ಬಳಿದರೂ, ಯಾವ ಹಲಗೆ ಹೊಡೆದರೂ ಅದು ಗಾಯಕ್ಕೆ ಕಟ್ಟಿದ ಬಟ್ಟೆ.

ಸಂಶಯವಿದ್ದವರು ಅಮೃತಾಪುರಕ್ಕೆ ಹೋಗಿ ಬನ್ನಿ. ತರೀಕೆರೆ ತಾಲ್ಲೂಕಿನದೇ ಊರು. 1196ರಲ್ಲಿ, ಇಮ್ಮಡಿ ವೀರಬಲ್ಲಾಳನ ಕಾಲಕ್ಕೆ, ಅಮೃತೇಶ್ವರ ದಂಡನಾಯಕ ಕಟ್ಟಿಸಿದ ಗುಡಿ. ಜನ್ನ ಕವಿಯ ಪದ್ಯಗಳಿರುವ ಶಾಸನ ಅಲ್ಲಿದೆ. ನಾನು ಹೋಗುವುದು ಮಂಟಪದ ಹೊರಗೋಡೆ ನೋಡಲು. ದಕ್ಷಿಣಕ್ಕೆ ರಾಮಾಯಣದ 70 ಫಲಕ, ಉತ್ತರಕ್ಕೆ ಕೃಷ್ಣನ ಕಥೆಯ 25, ಮಹಾಭಾರತದ 45. ಬಳಪದ ಕಲ್ಲು ಅದು, ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಗಟ್ಟಿಯಾಗುವಂಥದು. ಆ ಫಲಕಗಳ ಮುಂದೆ ನಿಂತು ಕತ್ತೆತ್ತಿ ನೋಡಿ. ಇಳಿಜಾರಾಗಿ ಹೊರಕ್ಕೆ ಚಾಚಿದ ಕಲ್ಲಿನ ಸೂರು ಕಾಣುತ್ತದೆ. ಒಮ್ಮೆ ಆರಿದ್ರಾ ಮಳೆಯಲ್ಲಿ ಅಲ್ಲಿ ಸಿಕ್ಕಿಹಾಕಿಕೊಂಡಿದ್ದೆ. ಸೂರಿನ ಅಂಚಿನಿಂದ ನೀರು ದಾರದಂತೆ ಇಳಿದು ಗುಡಿಯ ಬುಡದಿಂದಾಚೆ ಬೀಳುತ್ತಿತ್ತು. ನಾನು ಫಲಕಗಳಿಗೆ ಬೆನ್ನು ಹಚ್ಚಿ ನಿಂತಿದ್ದೆ, ಅಂಗಿ ನೆನೆಯಲಿಲ್ಲ. ಎಂಟುನೂರು ವರ್ಷದ ಹಿಂದಿನ ರೂವಾರಿಗಳು ಗೋಡೆಗೆ ಮುನ್ನ ಸೂರನ್ನು ಯೋಚಿಸಿದ್ದರು.

ಬಳಿಯುವುದೂ ನಮ್ಮ ಹಿರಿಯರದ್ದೇ ವಿದ್ಯೆ, ವರಾಹಮಿಹಿರನೇ ಹೇಳಿದ್ದಾನಲ್ಲ ಎಂದು ವಾಟರ್‌ಪ್ರೂಫಿಂಗ್ ಕಡೆಯವರು ಒಮ್ಮೆ ನನ್ನೊಡನೆ ವಾದಿಸಿದ್ದರು. ಬೃಹತ್ಸಂಹಿತೆಯ ವಜ್ರಲೇಪದ ಭಾಗ ನನಗೆ ಅತಿ ಪ್ರಿಯವಾದದ್ದು, ಹೇಳದೆ ಮುಂದೆ ಹೋಗಲಾರೆ. ಎಳೆಯ ತೂಪರೆ ಕಾಯಿ, ಎಳೆಯ ಬೇಲದ ಕಾಯಿ, ಬೂರುಗದ ಹೂ, ಬಜೆ, ಇನ್ನೊಂದೆರಡು ಮರದ ಬೀಜ, ತೊಗಟೆ. ಇವನ್ನು ಒಂದು ದ್ರೋಣ ನೀರಿಗೆ ಹಾಕಿ ಎಂಟರಲ್ಲಿ ಒಂದು ಪಾಲು ಉಳಿಯುವವರೆಗೆ ಕುದಿಸಬೇಕು. ಇಳಿಸಿದ ಮೇಲೆ ಗುಗ್ಗುಳ, ರಾಳ, ಗೇರು, ಅಗಸೆ, ಬಿಲ್ವ ಅರೆದು ಸೇರಿಸಬೇಕು. ಬಿಸಿಯಿರುವಾಗಲೇ ದೇಗುಲಕ್ಕೆ, ಮಹಡಿ ಮನೆಗೆ, ವಿಗ್ರಹಕ್ಕೆ, ಗೋಡೆಗೆ, ಬಾವಿಗೆ ಬಳಿಯಬೇಕು. ಕೋಟಿ ವರ್ಷ ಬಾಳುತ್ತದೆ ಎನ್ನುತ್ತಾನೆ. ಆರನೆಯ ಶತಮಾನದ ಪಂಡಿತ ಬೇಲ, ಬೂರುಗಗಳನ್ನು ಅಡುಗೆಯ ಹದದಂತೆ ವಿವರಿಸುವುದನ್ನು ಓದುವಾಗ ಒಲೆಯ ಮುಂದೆ ಕೂತಂತೆ ಅನಿಸುತ್ತದೆ. ಗೋಡೆಗೂ ಬಳಿಯಬಹುದು ಎಂದು ಅವನು ಹೇಳಿರುವುದು ನಿಜ, ಅದು ನನ್ನ ವಾದಕ್ಕೆ ತೊಡಕು ಎಂಬುದನ್ನೂ ಒಪ್ಪುತ್ತೇನೆ. ಆದರೆ ಅವನ ಲೇಪ ಗೋಡೆಗೆ ಹಿಡಿದುಕೊಳ್ಳುವ ಅಂಟು, ಗೋಡೆಯಷ್ಟೇ ನಿಧಾನವಾಗಿ ಹಳೆಯದಾಗುವಂಥದು. ಹಸಿ ಇಟ್ಟಿಗೆಯ ಮೇಲೆ ಪ್ಲಾಸ್ಟಿಕ್ ಮೆತ್ತುವುದಕ್ಕೆ ಅವನನ್ನು ಸಾಕ್ಷಿ ಕರೆಯಬಾರದು.

ಇಷ್ಟೆಲ್ಲ ಕೇಳಿಯೂ ಹಲಗೆಯೇ ಬೇಕು ಎನ್ನುವವರಿಗೆ ನಾಲ್ಕು ಮಾತು. ಮಣ್ಣಿನ ಗೋಡೆಗೆ, ಹಸಿ ಇಟ್ಟಿಗೆ ಗೋಡೆಗೆ ಬೇಡವೇ ಬೇಡ. ಸುಟ್ಟ ಇಟ್ಟಿಗೆಯದೋ ಸಿಮೆಂಟ್ ಬ್ಲಾಕಿನದೋ ಆದರೆ, ಒಂದು ಬೇಸಗೆ ಪೂರ್ತಿ ಒಣಗಿದ ಮೇಲೆ, ನೆಟ್ಟಗೆ ನಿಲ್ಲಿಸಿದ ಪಟ್ಟಿಗಳ ಮೇಲೆ ಹೊಡೆಸಿ. ಅಡ್ಡಪಟ್ಟಿ ಹಾಕಿದರೆ ನೀರು ಅದರ ಮೇಲೆ ನಿಲ್ಲುತ್ತದೆ. ಕೆಳಗೂ ಮೇಲೂ ಗಾಳಿಗೆ ಸಂದಿರಲಿ, ಇಲಿ, ಹಲ್ಲಿ ಹೋಗದಂತೆ ಜಾಲರಿ ಕಟ್ಟಿಸಿ. ಕಡೂರಿನ ಬಿಸಿಲಿಗೆ ಗಾಢ ಬಣ್ಣ ಆರಿಸಬೇಡಿ. ವಿನೈಲ್ 70 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ಮೆತ್ತಗಾಗುತ್ತದೆ. ಬಚ್ಚಲ ಹಂಡೆ ಒಲೆಯ ಬಾಯಿ ಹೊರಗೋಡೆಯಲ್ಲಿ ಇದ್ದರೆ ಆ ಗೋಡೆಗೆ ಹಲಗೆ ತರಲೇಬೇಡಿ, ಹುಲ್ಲಿನ ಬಣವೆಯ ಪಕ್ಕದ ಗೋಡೆಗೂ ಬೇಡ. ಸುಟ್ಟರೆ ಬರುವ ಹೊಗೆ ವಿಷ. ತೊಳೆಯಲು ಮೆತ್ತನೆ ಬ್ರಷ್ಷು, ಸೋಪಿನ ನೀರು ಸಾಕು. ಪಾಚಿಯಿದ್ದರೆ ಏಳು ಪಾಲು ನೀರಿಗೆ ಮೂರು ಪಾಲು ವಿನೆಗರ್. ಕೆಳಗಿನಿಂದ ಮೇಲಕ್ಕೆ ತೊಳೆಯುತ್ತ ಹೋಗಿ, ಆಗಾಗ ನೀರು ಹಾಕಿ, ಗೆರೆ ಉಳಿಯುವುದಿಲ್ಲ. ಕಾರು ತೊಳೆಯುವ ಪಂಪನ್ನು ಕೆಳಗಿನಿಂದ ಮೇಲಕ್ಕೆ ಹಿಡಿಯಬೇಡಿ, ನೀರೆಲ್ಲ ಹಲಗೆಯ ಹಿಂದಕ್ಕೇ ಹೋಗುತ್ತದೆ.

ಅಕ್ಕನ ಗೋಡೆಯ ಹಲಗೆಯನ್ನೆಲ್ಲ ಸಂಕ್ರಾಂತಿಯ ವಾರವೇ ತೆಗೆದೆವು. ಸಿಮೆಂಟ್ ಗಾರೆಯನ್ನೂ ಕೆತ್ತಿಸಿ, ಯುಗಾದಿಯವರೆಗೆ ಬಿಸಿಲಿಗೆ ಬಿಟ್ಟೆವು. ಮುದ್ದೆಯಾಗಿದ್ದ ಇಟ್ಟಿಗೆಗಳನ್ನು ತೆಗೆದು ಅದೇ ಅಂಗಳದ ಮಣ್ಣಿನಲ್ಲಿ ಹೊಸದು ಕೂರಿಸಿದರು. ಸುಣ್ಣ ಮರಳಿನ ಗಾರೆ ಬಿದ್ದಿದೆ, ಮೇಲೆ ಸುಣ್ಣ ಮೂರು ಕೈ. ಬುಡಕ್ಕೆ ಮೊಣಕಾಲೆತ್ತರ ಕೆಮ್ಮಣ್ಣಿನ ಪಟ್ಟೆ ಬಳಿಯಬೇಕೆಂದು ಅಕ್ಕನ ಹಟ. ಸೂರಿನ ನೀರು ನೆಲಕ್ಕೆ ಬಿದ್ದು ಸಿಡಿಯುವ ಕೆಸರು ಅದರಲ್ಲಿ ಕಾಣುವುದಿಲ್ಲ, ಅವಳ ಅತ್ತೆ ಹಾಗೆ ಬಳಿಸುತ್ತಿದ್ದರಂತೆ. ಬೀರುವಿನ ವಾಸನೆ ಹೋಗಿದೆ. ಪಡುವಣ ಮಾಡಿನ ಅಂಚನ್ನು ಇನ್ನೆರಡು ಅಡಿ ಮುಂದಕ್ಕೆ ತರುವುದೊಂದು ಬಾಕಿ. ರೀಪು, ಹೆಂಚು ತಂದಿಟ್ಟಾಗಿದೆ, ಬಡಗಿ ಈ ಭಾನುವಾರ ಬರುತ್ತೇನೆಂದು ಹೇಳಿದ್ದಾರೆ. ಅಷ್ಟರೊಳಗೆ ಮಳೆ ಬಂದರೆ ಕಟ್ಟಲು ಭಾವ ಕೊಟ್ಟಿಗೆಯಲ್ಲಿ ಸೋಗೆ ಒಟ್ಟಿದ್ದಾರೆ.