ಪತ್ರವನ್ನೋದುವ ವಿದ್ಯೆ

ತಮಿಳುನಾಡಿನ ಧರ್ಮಪುರಿ ಜಿಲ್ಲೆಯ ಹರೂರಿನ ಸೀಮೆಯಲ್ಲಿ ಮನೆಯೊಳಗೆ ಕನ್ನಡವನ್ನಾಡುವ ಕುಟುಂಬವೊಂದು ಹೊಲವನ್ನು ಕೊಳ್ಳಹೊರಟರೆ, ಅದರ ಭಾಗ್ಯವನ್ನು ನಿರ್ಣಯಿಸುವ ಕಾಗದಗಳೆಲ್ಲ ತಮಿಳಿನಲ್ಲಿರುವುದರಿಂದ, ಉಭಯಭಾಷೆಗಳನ್ನೂ ಬಲ್ಲ ವಕೀಲನ ವಿದ್ಯೆಗೆ ನಾನು ಬಹುಕಾಲದಿಂದ ಮನಸೋತಿದ್ದೇನೆ.

ಆತನು ಮೊದಲು ಬೆಲೆಯನ್ನು ಕೇಳುವುದಿಲ್ಲ, ಮೂಲಪತ್ರವನ್ನು ಕೇಳುತ್ತಾನೆ. ಪಟ್ಟಾ, ಚಿಟ್ಟಾ, ಅಡಂಗಲ್ ಎಂಬ ಭೂದಾಖಲೆಗಳು, ತಮಿಳರು ವಿಲ್ಲಂಗಮೆನ್ನುವ ಋಣಭಾರದ ಪತ್ರ, ಇವನ್ನೆಲ್ಲ ಮೇಜಿನ ಮೇಲೆ ಹರಡಿ, ಧರ್ಮಪುರಿ ಜಿಲ್ಲೆಯು 1965ರಲ್ಲಿ ಜನ್ಮತಾಳಿದುದರಿಂದ ಅದಕ್ಕೆ ಹಿಂದಿನ ಹಾಳೆಗಳಲ್ಲಿ ಅದೇ ಹೊಲವು ಸೇಲಂ ಜಿಲ್ಲೆಯದೆಂದಿರುವುದನ್ನು ಸರಿದೂಗಿಸಿಕೊಂಡು, ಚಕ್ಕುಬಂದಿಯ ನಾಲ್ಕು ದಿಕ್ಕುಗಳ ಮೇಲೆ ಬೆರಳನ್ನು ಸರಿಸುತ್ತಾನೆ. ಪೂರ್ವಕ್ಕೆ ಹಳ್ಳವೆಂದಿದ್ದರೆ ಬೆರಳು ಅಲ್ಲಿಯೇ ನಿಲ್ಲುತ್ತದೆ. ಮಾರುವವನು ಪೊರಂಬೋಕೆನ್ನುವ ಸರ್ಕಾರಿ ನೆಲವನ್ನೂ ಸೇರಿಸಿ ಅಳೆದಿರಬಹುದಲ್ಲವೆ! ಪಟ್ಟಾ ಕೈಸೇರಿದೊಡನೆ ಒಡೆತನ ಸಿದ್ಧಿಸಿತೆಂದು ನಂಬುವವರು ಅನೇಕರು. ಅದು ಕಂದಾಯದ ದಾಖಲೆಯೇ ಹೊರತು ಸ್ವಾಮ್ಯದ ಮೂಲವಲ್ಲ. ಕ್ರಯಪತ್ರವು 1908ರ ನೋಂದಣಿ ಕಾಯಿದೆಯಂತೆ ದಾಖಲಾದ ಮಾತ್ರಕ್ಕೆ ಮಾರುವವನಿಗಿಲ್ಲದ ಹಕ್ಕು ಕೊಂಡವನಿಗೆ ಹುಟ್ಟುವುದೂ ಇಲ್ಲ. ಆದುದರಿಂದ, ಹೊಲದಲ್ಲಿ ಪಾಲಿರಬಹುದಾದ, ಮದುವೆಯಾಗಿ ದೂರ ಹೋದ ಹೆಣ್ಣುಮಕ್ಕಳ ಸಹಿಯೆಲ್ಲಿ ಎಂಬ ಪ್ರಶ್ನೆಯನ್ನು, ದಲ್ಲಾಳಿಯ ಮುಖವು ಎಷ್ಟೇ ಬಾಡಲಿ, ಆತನು ಕೇಳಿಯೇ ತೀರುವನು.

ಮಾರುತ್ತಿರುವ ಮುದುಕಿಗೆ ತಮಿಳು ಓದಲು ಬಾರದಿದ್ದರೆ, ಕ್ರಯಪತ್ರವನ್ನು ಆದ್ಯಂತವಾಗಿ ಕನ್ನಡದಲ್ಲಿ ತಿಳಿಯಹೇಳಿ, “ಅಮ್ಮಾ, ಎಲ್ಲಾ ತಿಳೀತಾ?” ಎಂದು ಕೇಳಿ, ಆಕೆ ತಲೆಯಾಡಿಸಿದ ಬಳಿಕವೇ ಹೆಬ್ಬೆಟ್ಟಿನ ಮಸಿಡಬ್ಬಿಯ ಮುಚ್ಚಳವನ್ನು ತೆಗೆಯುವನು.