ಮುಡಿಯಲ್ಲಿ ಹೂವಿಲ್ಲದ ಹೂವಾಡಗಿತ್ತಿ

ನಮ್ಮ ಮನೆಯ ದೇವರ ಗೂಡಿನಲ್ಲಿ ರವಿವರ್ಮನ ಲಕ್ಷ್ಮಿಯ ಪಟವಿದೆ. ನಿಮ್ಮ ಮನೆಯಲ್ಲೂ ಇರಬಹುದು. ಅತ್ತೆಯವರ ಕಾಲದಿಂದಲೂ ಶುಕ್ರವಾರ ಅದಕ್ಕೆ ಒಂದು ಮೊಳ ಹೂ ಏರಿಸುವುದು ತಪ್ಪಿಲ್ಲ. ಆ ಹೂ ಬರುವುದು ಮಾಸ್ತಿಯ ಬಸ್ ನಿಲ್ದಾಣದ ಹತ್ತಿರ ಬುಟ್ಟಿ ಇಟ್ಟುಕೊಂಡು ಕೂರುವ ಹೆಂಗಸಿನಿಂದ. ಆ ಪಟಕ್ಕೂ ಆ ಹೆಂಗಸಿಗೂ ಏನು ಸಂಬಂಧ ಎಂದು ನಾನು ಯೋಚಿಸಿಯೇ ಇರಲಿಲ್ಲ. ಯೋಚಿಸುವಂತೆ ಮಾಡಿದವಳು ಏಳನೆಯ ತರಗತಿಯ ಒಬ್ಬ ಹುಡುಗಿ.

ಒಂದು ಶನಿವಾರ ಮಕ್ಕಳಿಗೆ ಹೂವಾಡಗಿತ್ತಿಯ ಚಿತ್ರ ಬರೆಯಲು ಹೇಳಿದ್ದೆ. ಹೆಚ್ಚು ಕಡಿಮೆ ಎಲ್ಲರೂ ಬರೆದದ್ದು ಒಂದೇ ಚಿತ್ರ: ದುಂಡು ಮುಖ, ಜರಿ ಸೀರೆ, ಜಡೆಯ ತುಂಬ ಮಲ್ಲಿಗೆ. ಈ ಹುಡುಗಿಯ ಚಿತ್ರದಲ್ಲಿ ಮಾತ್ರ ಬೋಳು ತುರುಬು, ಬಗ್ಗಿದ ಮುಖ, ಅಳತೆ ಮೀರಿದ ಬೆರಳುಗಳು. "ಹೂ ಮಾರುವವಳ ತಲೆಯಲ್ಲೇ ಹೂವಿಲ್ಲವಲ್ಲೇ, ಮರೆತೆಯಾ?" ಎಂದು ಎಲ್ಲರೆದುರಿಗೆ ಕೇಳಿದೆ. "ನಮ್ಮಮ್ಮ ಮುಡಿಯೋದಿಲ್ಲ ಮಿಸ್" ಎಂದಳು. ಹಾಗೆಂದವಳು ನಾನು ಬಾಯಿ ತೆರೆಯುವ ಮೊದಲೇ ಪೆನ್ಸಿಲಿನಿಂದ ತುರುಬಿಗೆ ನಾಲ್ಕು ಮೊಗ್ಗು ಸೇರಿಸಿಬಿಟ್ಟಳು. ಅವಳ ತಂದೆ ತೀರಿಕೊಂಡದ್ದು ನನಗೆ ಗೊತ್ತಿತ್ತು. ವಾರವಾರವೂ ಆ ತಾಯಿಯ ಹತ್ತಿರವೇ ಹೂ ಕೊಳ್ಳುತ್ತಿದ್ದೆ. ಆದರೂ ಆಕೆಯ ತಲೆಯನ್ನು ನಾನು ನೋಡಿರಲಿಲ್ಲ.

ನನ್ನ ಕಣ್ಣಿಗೆ ಈ ಅಭ್ಯಾಸ ಎಲ್ಲಿಂದ ಬಂತು ಎಂದು ಹುಡುಕಹೊರಟರೆ ಮತ್ತೆ ಆ ಪಟದ ಮುಂದೆಯೇ ನಿಲ್ಲಬೇಕಾಗುತ್ತದೆ. 1848ರಲ್ಲಿ ಕೇರಳದ ಕಿಳಿಮಾನೂರಿನಲ್ಲಿ ಹುಟ್ಟಿದ ರವಿವರ್ಮನಿಗೆ ಮೊದಲು ಹೆಸರು ತಂದದ್ದು ಮಲ್ಲಿಗೆ ಮುಡಿಯುತ್ತಿರುವ ನಾಯರ್ ಸ್ತ್ರೀಯ ಚಿತ್ರ. 1873ರಲ್ಲಿ ಅದಕ್ಕೆ ಮದರಾಸಿನಲ್ಲೂ ವಿಯೆನ್ನಾದಲ್ಲೂ ಬಹುಮಾನ ಬಂತು. 1894ರಲ್ಲಿ ಅವನು ಮುಂಬಯಿಯಲ್ಲಿ ಅಚ್ಚುಕೂಟ ತೆರೆದ ಮೇಲೆ ಅವನ ದೇವತೆಗಳು ಅಗ್ಗದ ಬಣ್ಣದ ಪಟಗಳಾಗಿ ಊರೂರಿಗೆ ಬಂದರು. ಗುಡಿಯೊಳಗೆ ಕಾಲಿಡಲು ಬಿಡದಿದ್ದವರ ಮನೆಗೂ ಲಕ್ಷ್ಮಿ ನಡೆದು ಹೋದಳು. ಇದು ಸಣ್ಣ ಉಪಕಾರವಲ್ಲ. ಆದರೆ ಪಟದ ಜೊತೆಗೆ ಒಂದು ನೋಟವೂ ಬಂತು. ಹೆಣ್ಣೆಂದರೆ ಹೀಗಿರಬೇಕು, ಹೂವೆಂದರೆ ಮುಡಿಯಲ್ಲಿರಬೇಕು ಎಂಬ ನೋಟ. ಕ್ಯಾಲೆಂಡರುಗಳು ಅದನ್ನೇ ಮುಂದುವರಿಸಿದವು.

ಅವನು ನಮ್ಮ ಸೀಮೆಗೆ ದೂರದವನೇನಲ್ಲ. ಚಾಮರಾಜೇಂದ್ರ ಒಡೆಯರ ಆಹ್ವಾನದ ಮೇಲೆ 1885ರಲ್ಲಿ ಮೈಸೂರಿಗೆ ಬಂದಿದ್ದ. ಶಾಲೆಯ ಪ್ರವಾಸದಲ್ಲಿ ಜಗನ್ಮೋಹನ ಅರಮನೆಗೆ ಹೋದಾಗ ಸಂಗೀತಗಾರ್ತಿಯರ ಚಿತ್ರದ ಮುಂದೆ ನಾನು ಬಹಳ ಹೊತ್ತು ನಿಂತಿದ್ದೆ. ಬೇರೆ ಬೇರೆ ಪ್ರಾಂತದ ಹನ್ನೊಂದು ಮಂದಿ ಹೆಂಗಸರು, ಒಬ್ಬೊಬ್ಬರ ಉಡುಗೆಯೂ ಒಂದೊಂದು ಬಗೆ. ಸೀರೆಯ ನೆರಿಗೆಯನ್ನು ಅವನ ಹಾಗೆ ಬರೆದವರುಂಟೇ! ಆದರೆ ವೀಣೆ ಹಿಡಿದವರ ಬೆರಳನ್ನು ನೋಡಿ. ತಂತಿ ಮೀಟಿದ ಬೆರಳ ತುದಿ ಜಡ್ಡುಗಟ್ಟುತ್ತದೆ. ಆ ಚಿತ್ರದಲ್ಲಿ ಜಡ್ಡಿಲ್ಲ. ದುಡಿಮೆಯ ಗುರುತನ್ನು ಒರೆಸಿಯೇ ಅವನು ಚೆಲುವನ್ನು ತಂದ.

ಅವನಿಗೆ ಬಡವರು ಕಾಣಲೇ ಇಲ್ಲ ಎಂದರೆ ಅನ್ಯಾಯವಾದೀತು. 1893ರಲ್ಲಿ ಶಿಕಾಗೋ ಪ್ರದರ್ಶನಕ್ಕೆ ಅವನು ಕಳಿಸಿದ ಹತ್ತು ಚಿತ್ರಗಳಲ್ಲಿ ಒಂದು ಬೀದಿಯಲ್ಲಿ ಬದುಕುವ ಅಲೆಮಾರಿ ಸಂಸಾರದ್ದು. ಆ ಕಣ್ಣೂ ಅವನಿಗಿತ್ತು. ಆದರೆ ಅಚ್ಚಾಗಿ ನಮ್ಮ ಗೋಡೆಗೆ ಬಂದದ್ದು ಅದಲ್ಲ.

ಹಾಗಾದರೆ ಹೂ ಮಾರುವವಳನ್ನು ಆ ಕಾಲದಲ್ಲಿ ಯಾರೂ ಬರೆಯಲಿಲ್ಲವೆ? ಬರೆದರು. ತಂಜಾವೂರು, ತಿರುಚಿನಾಪಳ್ಳಿಗಳ ಚಿತ್ರಗಾರರು ಕಂಪನಿಯ ದೊರೆಗಳಿಗಾಗಿ ಕುಂಬಾರ, ನೇಕಾರ, ಹೂವಾಡಿಗ ಎಂದು ಕಸುಬಿಗೊಂದರಂತೆ, ಅನೇಕ ಸಲ ಗಂಡಹೆಂಡಿರ ಜೋಡಿಯಾಗಿ, ಬರೆದುಕೊಟ್ಟರು. ಅಂಥ ಎಷ್ಟೋ ಚಿತ್ರಗಳು ಈಗ ಲಂಡನ್ನಿನ ವಸ್ತುಸಂಗ್ರಹಾಲಯಗಳಲ್ಲಿವೆ. ಕೈಯಲ್ಲಿ ಕಸುಬಿನ ಸಾಮಾನು, ಪಕ್ಕದಲ್ಲಿ ಗಂಡ, ಹೆಸರಿಲ್ಲ, ಮನಸ್ಸಿಲ್ಲ. ರವಿವರ್ಮನಲ್ಲಿ ಹೂವಿದೆ, ಕಟ್ಟಿದವಳಿಲ್ಲ. ಇವರಲ್ಲಿ ಕಟ್ಟುವವಳ ವೇಷವಿದೆ, ಅವಳಿಲ್ಲ.

ಗಂಡ ಹೋದವಳು ಹೂ ಮುಡಿಯಬಾರದೆಂಬ ಕಟ್ಟಳೆ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಅದು ಹೋಗಲೇಬೇಕು. ಆದರೆ ಚಿತ್ರದಲ್ಲಿ ಅವಳಿಗೆ ಮಲ್ಲಿಗೆ ಮುಡಿಸಿದ ಮಾತ್ರಕ್ಕೆ ಕಟ್ಟಳೆ ಹೋಗುವುದಿಲ್ಲ. ನಮ್ಮ ಕಣ್ಣಿಗೆ ಮರೆಯಾಗುತ್ತದೆ, ಅಷ್ಟೆ. ದಿನವೆಲ್ಲ ಊರಿನ ಮುತ್ತೈದೆಯರಿಗೆ ಹೂ ಅಳೆದುಕೊಟ್ಟು, ಬರಿತಲೆಯಲ್ಲಿ ಮನೆಗೆ ಹೋಗುವುದು ಏನೆಂದು ಆ ಹುಡುಗಿಯ ಚಿತ್ರ ಹೇಳಿತ್ತು. ನಾನು ಅದನ್ನು ತಪ್ಪೆಂದು ತಿದ್ದಿಸಿದೆ.

ಮುಂದಿನ ಶುಕ್ರವಾರ ಬುಟ್ಟಿಯ ಮುಂದೆ ನಿಂತು ಮೊದಲ ಸಲ ಆ ಕೈಗಳನ್ನು ನೋಡಿದೆ. ಒಂದು ಕೈ ಮೊಗ್ಗನ್ನು ಜೋಡಿಸುತ್ತದೆ, ಇನ್ನೊಂದು ಒದ್ದೆ ಬಾಳೆನಾರನ್ನು ಸುತ್ತಿ ಬಿಗಿಯುತ್ತದೆ. ಕಣ್ಣು ಬಸ್ಸಿನ ಕಡೆಗಿರುತ್ತದೆ. ತೋರುಬೆರಳಿನ ಮೇಲೆ ನಾರು ಎಳೆದು ಎಳೆದು ಬಿದ್ದ ಗೆರೆ. ಮೊಣಕೈಯಿಂದ ಬೆರಳ ತುದಿಗೆ ಒಂದು ಮೊಳ ಅಳೆದು, ಮೇಲೆ ನಾಲ್ಕು ಬೆರಳು ಕೊಸರು ಬಿಟ್ಟು, "ತಗೊಳ್ಳಿ ಟೀಚರಮ್ಮ" ಎಂದರು. ಮಗಳು ಬೆರಳುಗಳನ್ನು ದೊಡ್ಡದಾಗಿ ಬರೆದದ್ದೇಕೆಂದು ಆಗ ತಿಳಿಯಿತು.

ಸೋಮವಾರ ಹುಡುಗಿಯನ್ನು ಕರೆದು, "ನೀನು ಮೊದಲು ಬರೆದದ್ದೇ ಸರಿ, ತಪ್ಪು ನನ್ನದು" ಎಂದು ತರಗತಿಯಲ್ಲೇ ಹೇಳಿ ರಬ್ಬರ್ ಕೊಟ್ಟೆ. ಆ ನಾಲ್ಕು ಮೊಗ್ಗುಗಳನ್ನು ಅಳಿಸಿದಳು. ಗುರುತು ಪೂರ್ತಿ ಹೋಗಲಿಲ್ಲ.